ಬೂಚಾಗಲೊಲ್ಲದ ಕಾಸೀಮಣ್ಣ

ಫುಟ್‌ಬಾಲ್ ಆಡಲು ಇಳಿಯುವ ಮುಂಚೆ ಕಾಸೀಮಣ್ಣ ಅತ್ತರಿನಲ್ಲಿ ಅದ್ದಿದ ಅರಳೆಯನ್ನು ಬಲಗಿವಿಯ ಮಡಿಕೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬರಿಗಾಲು, ಮೊಣಕಾಲಿಗೆ ಮಡಚಿದ ಪೈಜಾಮ, ಸುತ್ತಲೂ ಖಸ್ಸಿನ, ಅಂದರೆ ಲಾವಂಚದ, ವಾಸನೆ. ಅವರು ಹತ್ತಿರ ಬಂದದ್ದು ಎದುರಿನವರಿಗೆ ಮೊದಲು ಮೂಗಿಗೆ ತಿಳಿಯುತ್ತದೆ ಎಂದು ನಮ್ಮ ಯಜಮಾನರು ನಗುತ್ತಿದ್ದರು.

ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿ ಕೊಪ್ಪಳಕ್ಕೆ ಸೊಸೆಯಾಗಿ ಬಂದವಳು. ಊರಿನ ತಂಡಕ್ಕೆ ಯಜಮಾನರು ಕ್ಯಾಪ್ಟನ್. ಪೇಟೆಯಲ್ಲಿ ಅತ್ತರು ಮಾರುವ ಕಾಸೀಮಣ್ಣ ಅವರ ಬಾಲ್ಯದ ಗೆಳೆಯ. ಆಗಿನ ಆಟದಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಆ ಮೂವರ ನಟ್ಟನಡುವೆ ಕಾಸೀಮಣ್ಣ. ಚೆಂಡು ಎತ್ತಲಿಂದ ಬಂದರೂ ಅವರ ಕಾಲಿಗೆ ಮುಟ್ಟಿಯೇ ಮುಂದೆ ಹೋಗಬೇಕು. ಕೊಡುವ ಮೊದಲು ಅಂಗಾಲಿನಡಿ ಅದನ್ನು ನಿಲ್ಲಿಸಿಕೊಂಡು, "ಸಾವಕಾಶ್ರೆಪಾ, ಸಾವಕಾಶ," ಎನ್ನುವರು.

ಆಫ್‌ಸೈಡ್ ಎಂಬ, ಮುಂದಿನವರು ಗೋಲಿನ ಹತ್ತಿರ ಕಾದು ನಿಲ್ಲದಂತೆ ತಡೆಯುವ ಕಾನೂನು ಸಡಿಲವಾದ ಸುದ್ದಿ ನಮ್ಮ ಕಡೆಗೆ ತಡವಾಗಿ ಬಂತು. ಬಂದ ಮೇಲೆ ಸಾವಕಾಶಕ್ಕೆ ಜಾಗವೇ ಉಳಿಯಲಿಲ್ಲ. ಗಂಗಾವತಿ ತಂಡದಲ್ಲಿ ಮುಂದಿನ ಸಾಲಿನಲ್ಲಾಡುವ ಉದ್ದನೆಯ ಮುಂದಾಳು ಗೋಲಿನ ಹತ್ತಿರವೇ ಕಾದಿದ್ದು, ನಮ್ಮ ಹಿಂದಿನಿಬ್ಬರ ಸಂದಿಯಲ್ಲಿ ನುಗ್ಗಿಬಿಡುತ್ತಿದ್ದ. ನನ್ನ ಅಣ್ಣ ಕಳಿಸಿದ ಇಂಗ್ಲಿಷ್ ಪತ್ರಿಕೆಯಲ್ಲಿ ಇದಕ್ಕೊಂದು ಉಪಾಯವಿತ್ತು. ಗಂಡಸರು ಕೂತ ಪಡಸಾಲೆಗೆ ಸೊಸೆ ಹೋಗುವಂತಿರಲಿಲ್ಲ. ಬಾಗಿಲ ಮರೆಯಿಂದ ಓದಿ ಹೇಳಿದೆ. ನಡುವಿನವನು ಇನ್ನು ಹಿಂದೆ ಸರಿದು ಆ ಇಬ್ಬರ ಮಧ್ಯೆ ನಿಲ್ಲಬೇಕು, ಎದುರಿನ ಮುಂದಾಳನ್ನಷ್ಟೇ ಕಾಯಬೇಕು. ಅವನಿಗೆ ಸ್ಟಾಪರ್ ಎಂದು ಹೆಸರು.

"ಹಂಗಂದ್ರ?" ಎಂದರು ಯಜಮಾನರು.

ನನಗೆ ಗೊತ್ತಿದ್ದ ಸ್ಟಾಪರ್ ಶಾಯಿ ಬಾಟಲಿಯದೊಂದೇ. "ಬೂಚ ರೀ," ಎಂದೆ.

"ಏನ್ರಿ ವೈನಿ!" ಎಂದರು ಕಾಸೀಮಣ್ಣ. "ದಿನಾ ಬೂಚ ತಗದು ಮಂದಿಗೆ ಅತ್ತರ ಹಚ್ಚಾವ ನಾ. ನನ್ನನ್ನs ಬೂಚ ಮಾಡಿ ಕುಂದ್ರಸಾಕತ್ತೀರಲ್ಲ!"

ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಅವರ ಬಸಿಯಲ್ಲಿ ಚಹಾ ಹಾಗೇ ಕೆನೆಗಟ್ಟಿತು.

"ಚಾಷ್ಟಿ ಅಲ್ಲೋ ಕಾಸೀಮ," ಎಂದರು ಯಜಮಾನರು. "ನೀ ಹಿಂದ ನಿಲ್ಲಬೇಕು. ಇಲ್ಲಾಂದ್ರ ಬ್ಯಾರೆಯವರನ್ನ ಹಾಕಬೇಕಾಗತೈತಿ."

"ನಿಲ್ತೀನಪಾ. ನಿಲ್ಲೂದೇನ್ ದೊಡ್ಡದು."

ಗಂಗಾವತಿಯವರೊಂದಿಗಿನ ಮುಂದಿನ ಆಟವನ್ನು ಮೈದಾನದ ಪಕ್ಕದ ನಮ್ಮ ಮಾಳಿಗೆಯ ಮೇಲಿಂದ ನೋಡಿದೆ. ಕಾಸೀಮಣ್ಣ ಹಿಂದೆ ನಿಂತೇ ಇದ್ದರು. ಚೆಂಡು ತಲೆಯ ಮೇಲೆ ಅತ್ತಿಂದಿತ್ತ ಹಾರುತ್ತಿತ್ತು. ನಮ್ಮ ಮುಂದಿನ ಐವರು ಓಡಿದಾಗಲೆಲ್ಲ ಅವರ ಬಲಗಾಲು ತುಸು ಮುಂದೆ ಹೋಗಿ, ಮತ್ತೆ ಹಿಂದೆ ಬರುತ್ತಿತ್ತು. ಯಾರಿಗೂ ಗೋಲಾಗಿರಲಿಲ್ಲ. ಆಟ ಮುಗಿಯುತ್ತ ಬಂದಾಗ ಚೆಂಡು ಅವರ ಅಂಗಾಲಿನಡಿ ಬಂದು ನಿಂತಿತು.

"ಒದಿಯೋ! ದೂರ ಒದಿ!" ಯಜಮಾನರು ಕೂಗಿದರು.

ಒದೆಯಲಿಲ್ಲ. ಒಬ್ಬನನ್ನು ದಾಟಿ, ಇನ್ನೊಬ್ಬನನ್ನು ದಾಟಿ, ನಡುಮೈದಾನಕ್ಕೆ ಬಂದು, ಯಜಮಾನರ ಕಾಲ ಬಳಿಗೇ ಚೆಂಡು ತಲುಪಿಸಿದರು. ಅಂಥ ಚೆಂಡನ್ನು ಯಜಮಾನರು ನೇರ ಎದುರಿನ ಗೋಲ್‌ಕೀಪರನ ಕೈಗೆ ಹೊಡೆದರು. ಅವನು ಅದನ್ನು ಉದ್ದಕ್ಕೆ ಒದ್ದ. ನಮ್ಮ ಹಿಂದಿನಿಬ್ಬರ ಸಂದಿಯಲ್ಲಿ ಆ ಉದ್ದನೆಯವನು ಕಾಯುವವರಿಲ್ಲದೆ ನಿಂತಿದ್ದ.

ಸೋತ ಸಂಜೆ ಕಾಸೀಮಣ್ಣ ತಾವೇ ಮನೆಗೆ ಬಂದರು. "ನೀ ಏನೂ ಹೇಳಬ್ಯಾಡಪಾ. ನಾಳಿಂದ ಬ್ಯಾರೆಯವರನ್ನ ನಿಲ್ಸು."

"ನಾ ಸರಿ ಹೊಡದಿದ್ರ..."

"ನೀ ಹೊಡದಿದ್ರೂ ನಾ ಅಲ್ಲಿ ನಿಲ್ಲತಿದ್ದಿಲ್ಲ."

ಆಮೇಲೆ ತಂಡ ಗೆಲ್ಲತೊಡಗಿತು. ಗೆದ್ದು ಬಂದ ದಿನವೂ ಯಜಮಾನರು ಕಾಲು ತೊಳೆದು ನೇರ ಊಟಕ್ಕೆ ಕೂಡುವರು. ನಾನೂ ಆಟ ಹೇಗಾಯಿತೆಂದು ಕೇಳುವುದನ್ನು ಬಿಟ್ಟೆ.

ವರ್ಷಗಳು ಕಳೆದು, ರಾಯಚೂರಿಗೆ ಅಂಗಡಿ ಎತ್ತಿಕೊಂಡು ಹೊರಟಾಗ ಕಾಸೀಮಣ್ಣ ಹೇಳಿಹೋಗಲು ಬಂದರು. ಅಷ್ಟರಲ್ಲಿ ಅತ್ತೆ ಮಾವ ತೀರಿಕೊಂಡಿದ್ದರು. ನಾನೂ ಪಡಸಾಲೆಯಲ್ಲೇ ಕೂತಿದ್ದೆ.

"ಪೇಪರನ್ಯಾಗ ಈಗ ಏನ್ ಬರದಾರ್ರಿ ವೈನಿ?"

ಓದಿದೆ. ಯಾವುದೋ ಹೊರದೇಶದ ತಂಡದಲ್ಲಿ ಈಗ ಮುಂದಾಳೇ ಹಿಂದೆ ಸರಿದು, ನಡುವೆ ನಿಂತು ಆಡುತ್ತಾನಂತೆ.

ಗಡ್ಡ ತುರಿಸಿಕೊಂಡರು. "ಹಂಗಾರ, ಅವನ್ನ ಕಾಯಾಕ ನಿಂತಾವ ಎಲ್ಲಿ ಹೋಗಬೇಕ್ರಿ?"

ಕೆಳಗಿನ ಸಾಲುಗಳನ್ನೂ ನೋಡಿದೆ. "ಅದನ್ನ ಬರದಿಲ್ಲ ಕಾಸೀಮಣ್ಣ."

"ಬರದ್ರ ಹೇಳಿ ಕಳಸ್ರಿ," ಎಂದು ಚಪ್ಪಲಿ ಮೆಟ್ಟಿದರು.

ಅದನ್ನು ಬರೆದ ಪತ್ರಿಕೆ ಒಂದು ದಿನ ಬಂತು. ಹೇಳಿ ಕಳಿಸಲು ರಾಯಚೂರಿನಲ್ಲಿ ಕಾಸೀಮಣ್ಣ ಬದುಕಿರಲಿಲ್ಲ.