ಮೂರನೆಯ ಗುಡ್ಡೆ

ಶಿರಾದ ಗುಜರಿ ಅಂಗಡಿ ದಸ್ತಗೀರ್ ತಕ್ಕಡಿ ಹಿಡಿದರೆ ತುಕ್ಕು ಹಿಡಿದ ಕಬ್ಬಿಣವೂ ಸುಳ್ಳು ಹೇಳುವುದಿಲ್ಲ ಎಂದು ಪೇಟೆಯಲ್ಲಿ ಮಾತು. ಬಕ್ರೀದಿನಲ್ಲೂ ಹಾಗೆಯೇ. ಕುರ್ಬಾನಿಯ ಟಗರನ್ನು ಕೊಯ್ದ ಮೇಲೆ ಅಂಗಳದಲ್ಲಿ ಟಾರ್ಪಾಲು ಹಾಸಿ ಮೂರು ಗುಡ್ಡೆ ಹಾಕುವವನು ಅವನೇ. ಒಂದು ಮನೆಗೆ, ಒಂದು ನಂಟರಿಗೂ ನೆರೆಯವರಿಗೂ, ಇನ್ನೊಂದು ಬಡವರಿಗೆ. ತೊಡೆ, ಪಕ್ಕೆ, ಈಲಿ ಎನ್ನುವ ಲಿವರು ಎಲ್ಲವೂ ಮೂರು ಗುಡ್ಡೆಗೂ ಸಮನಾಗಿ ಬೀಳಬೇಕು.

“ಅಲ್ಲಾ ನೋಡ್ತಾನೆ” ಎನ್ನುತ್ತಿದ್ದ.

“ನಾನೂ ನೋಡ್ತಾ ಇವ್ನಿ. ಈಲಿ ಒಸಿ ಈ ಕಡೆ ಬರ್ಲಿ” ಎನ್ನುತ್ತಿದ್ದಳು ಹೆಂಡತಿ ಷಂಷಾದ್.

ಈ ಸಲ ಅಳೆಯುವ ಕೈಗೆ ಅಳಿಯ ಅಡ್ಡ ಬಂದ. ಮಗಳ ಮದುವೆಯಾದ ಮೇಲಿನ ಮೊದಲ ಬಕ್ರೀದು. ಪಾವಗಡದಿಂದ ಇಮ್ತಿಯಾಜ್ ಬಂದಿದ್ದ. ನಂಟರ ಗುಡ್ಡೆ ಮುಟ್ಟಿದರೆ ನಂಟರು ಬಾಯಿ ಬಿಡುತ್ತಾರೆ. ಬಡವರ ಗುಡ್ಡೆಗೆ ಬಾಯಿಲ್ಲ. ದಸ್ತಗೀರ್ ಅದರೊಳಗಿನ ತೊಡೆಮಾಂಸವನ್ನೆಲ್ಲ ಮನೆಯ ಕಡೆಗೆ ಎಳೆದು, ತೂಕ ಸರಿಹೋಗಲೆಂದು ಮೂಳೆ ತುಂಬಿದ. ತಕ್ಕಡಿ ಸಮನಾಗಿಯೇ ನಿಂತಿತು. ಮಾಂಸವೂ ರಕ್ತವೂ ಅಲ್ಲಾನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಯಭಕ್ತಿ ಮಾತ್ರ ಎಂದು ಬೆಳಿಗ್ಗೆ ಈದ್ಗಾದಲ್ಲಿ ಕೇಳಿ ಬಂದಿದ್ದ. ಮಾಂಸವೇ ತಲುಪದ ಮೇಲೆ ಮೂಳೆಯನ್ನು ಯಾರು ಕೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡ.

ಬಡವರ ಗುಡ್ಡೆಯ ಮೊದಲ ಪೊಟ್ಟಣ ಪ್ರತಿ ವರ್ಷವೂ ಬೀದಿ ಕೊನೆಯಲ್ಲಿ ಸೊಪ್ಪು ಮಾರುವ ಕೆಂಚಮ್ಮಜ್ಜಿಗೆ. ಈ ಸಲವೂ ಅವಳಿಗೇ ಕೊಟ್ಟ, ಮುಖ ನೋಡದೆ.

ಮಧ್ಯಾಹ್ನ ಬಿರಿಯಾನಿ ಬಡಿಸುವ ಹೊತ್ತಿಗೆ ಕೆಂಚಮ್ಮ ಸೆರಗಿನಲ್ಲಿ ಬಿಸಿ ಡಬರಿ ಹಿಡಿದು ಬಂದಳು.

“ಹೊಸ ಅಳಿಯ ಬಂದವ್ನಂತಲ್ಲಮ್ಮ, ಒಸಿ ಸಾರು ತಂದಿವ್ನಿ.”

“ಅಯ್ಯೋ ಅಜ್ಜಿ, ನಿಂಗೆ ಕೊಟ್ಟಿದ್ದನ್ನ ನಮ್ಗೇ ತಂದ್ಬುಟ್ಟಾ?” ಎಂದಳು ಷಂಷಾದ್.

“ನನ್ ಬೊಚ್ಚುಬಾಯಿಗೆ ಸಾರೇ ಸರಿ ಅಂತ ಯೋಚ್ನೆ ಮಾಡಿ, ಮೂಳೆನೇ ಆರಿಸಿ ಕೊಟ್ಟವ್ನೆ ಕಣಮ್ಮ ನಿನ್ ಗಂಡ. ಇಂಥಾ ಸಾರು ನಾನೊಬ್ಳೇ ಕುಡಿಯಕಾಯ್ತದಾ?”

ಇಮ್ತಿಯಾಜ್ ಒಂದು ಬಟ್ಟಲು ಕುಡಿದು ಇನ್ನೊಂದಕ್ಕೆ ಕೈ ಚಾಚಿದ. “ಮಾಮಾ, ಬಿರಿಯಾನಿ ಆಮೇಲೆ. ಸಾರು ಅಂದ್ರೆ ಇದು ನೋಡಿ!”

ಮೂಳೆ ಇದ್ದದ್ದು ಡಬರಿಯಲ್ಲಿ. ಗಂಟಲಿಗೆ ಸಿಕ್ಕಿದ್ದು ದಸ್ತಗೀರನಿಗೆ.

ಅವನು ಎದ್ದ. ಬೀಗಿತ್ತಿಗೆ ಕಳಿಸಲೆಂದು ಫ್ರಿಜ್ಜಿನಲ್ಲಿಟ್ಟಿದ್ದ ತೊಡೆಮಾಂಸವನ್ನು ತೆಗೆದುಕೊಂಡು, ಹೊರಟಿದ್ದ ಕೆಂಚಮ್ಮನನ್ನು ಬಾಗಿಲಲ್ಲಿ ತಡೆದ.

“ಅಜ್ಜಿ, ಮೂಳೆ ಯೋಚ್ನೆ ಮಾಡಿ ಕೊಟ್ಟಿದ್ದಲ್ಲ. ನಿನ್ ಪಾಲಿನ ಮಾಂಸ ನಾನ್ ಮಡಿಕಂಡಿದ್ದೆ.”

ಕೆಂಚಮ್ಮ ನಗಲಿಲ್ಲ. ಪೊಟ್ಟಣವನ್ನು ಅಂಗೈಯಲ್ಲಿ ಎತ್ತಿ ನೋಡಿದಳು.

“ತೂಕ ಹಾಕ್ದೇನೆ ತಂದ್ಯಾ?”

“ಹೂಂ.”

“ಅಂಗಾರೆ ಸಣ್ಣಕೆ ಕೊಯ್ದು ಕೊಡು. ಹಲ್ಲಿಲ್ಲ ಅಂದ್ನಲ್ಲ ನಾನು.”

ದಸ್ತಗೀರ್ ಹೊಸ ಜುಬ್ಬಾದಲ್ಲೇ ಹೊಸ್ತಿಲ ಬಳಿ ಕೂತು ಚಾಕು ಹಿಡಿದ. ಅವಳು ಕದಲದೆ ನಿಂತು ನೋಡುತ್ತಿದ್ದಳು. ಒಳಗಿನಿಂದ ಮಗಳು, “ಅಬ್ಬಾ, ಊಟ ಆರ್ತಾ ಐತೆ” ಎಂದು ಅಪ್ಪನನ್ನು ಕೂಗಿದಳು. ಅವನು ತಲೆ ಎತ್ತಲಿಲ್ಲ. ಒಂದು ಚೂರು ಮೂಳೆಯೂ ಬೀಳಬಾರದಲ್ಲ.