ಹಿಂದಿನ ಸೀಟಿನ ದೀಪ

ಓಯ್ವಾ ಮೊಯ್ಲನೆನ್ ಮೂವತ್ತು ವರ್ಷಕ್ಕೂ ಮಿಕ್ಕಿ ಕಾರುಗಳ ವಾರ್ಷಿಕ ತಪಾಸಣೆ ಮಾಡಿದವನು. ಉತ್ತರದ ಹಿಮಸೀಮೆಯ ಚಿಕ್ಕ ಊರಾದ ಪುವೊಲಂಕದ ಸುತ್ತಮುತ್ತ ಅವನ ಕೈಗೆ ಸಿಕ್ಕಿ ಒಮ್ಮೆಯೂ ಫೇಲಾಗದ ಕಾರನ್ನು ಇಟ್ಟುಕೊಂಡವರು ಯಾರೂ ಇರಲಿಲ್ಲ. ತಪಾಸಣೆಯ ಗುಂಡಿಗಿಳಿದು ಪುಟ್ಟ ಸುತ್ತಿಗೆಯಿಂದ ಕಾರಿನ ತಳವನ್ನು ಟಕ್ ಟಕ್ ಎಂದು ಬಡಿಯುತ್ತ ಹೋಗಿ, ತುಕ್ಕು ತಿಂದ ಜಾಗ ಸಿಕ್ಕಿತೆಂದರೆ ಅವನ ಮುಖಕ್ಕೆ ದೊಡ್ಡ ಡಾಕ್ಟರ ಗಾಂಭೀರ್ಯ ಬಂದುಬಿಡುತ್ತಿತ್ತು. ಅವನಿಗೆ ಎಲ್ಲಕ್ಕಿಂತ ಸಿಟ್ಟು ಬರಿಸುತ್ತಿದ್ದುದು ಜನ ತಾವೇ ಎಳೆದುಕೊಂಡ ವೈರುಗಳು.

"ಇದನ್ನ ಯಾರು ಮಾಡಿದ್ದು?"

"ನಾನೇ."

"ಅದು ಗೊತ್ತಾಗ್ತಿದೆ ಬಿಡು."

ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ಹೆಂಡತಿ ಹಿಲ್ಕಾ ಅಂಗಡಿಯೊಳಗೆ ಹಾಲು, ರೈ ಬ್ರೆಡ್ಡು ಕೊಳ್ಳುವಷ್ಟರಲ್ಲಿ ಇವನು ಹೊರಗೆ ನಿಂತ ಕಾರುಗಳ ಟೈರುಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿ, ತಲೆಯಾಡಿಸಿ, ಊರಿನ ಭವಿಷ್ಯದ ಬಗ್ಗೆ ನಿರಾಶನಾಗಿ ಬರುತ್ತಿದ್ದ.

ಹಿಲ್ಕಾಳ ಅಕ್ಕ ಟೆರ್ತು ಹುಟ್ಟು ಕಿವುಡಿ. ದರ್ಜಿಯಾಗಿದ್ದಳು. ಅರ್ಧ ಊರಿನ ಕಿಟಕಿ ಪರದೆಗಳು ಅವಳು ಹೊಲಿದವು. ಮದುವೆಯಾಗಲಿಲ್ಲ, ಚರ್ಚಿನ ಹಿಂದಿನ ಸಾಲುಮನೆಯಲ್ಲಿ ಒಬ್ಬಳೇ ಇದ್ದಳು. ಅವಳ ಮಾತೆಲ್ಲ ಕೈಯಲ್ಲಿ. ಹಿಲ್ಕಾ ಬಾಯಿಮಾತಿಗಿಂತ ಮೊದಲು ಕಲಿತದ್ದೂ ಅಕ್ಕನ ಕೈಮಾತನ್ನೇ. ನಲವತ್ತು ವರ್ಷ ಅವಳ ತಂಗಿಯ ಗಂಡನಾಗಿದ್ದೂ ಓಯ್ವಾ ಕಲಿತದ್ದು ಮಾತ್ರ ಮೂರು: ಕಾಫಿ, ಥ್ಯಾಂಕ್ಸ್, ಹೊರಡೋಣ. ಉಳಿದದ್ದನ್ನು ಅವನು ಟೆರ್ತುವಿನ ಮುಖದೆದುರು ನಿಂತು, ತಪಾಸಣೆಯ ಫಲಿತಾಂಶ ಓದಿಹೇಳುವವನಂತೆ, ಗಟ್ಟಿಯಾಗಿ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಅವಳು ಮರ್ಯಾದೆಗೆ ತಲೆದೂಗಿ, ಆಮೇಲೆ ತಂಗಿಯ ಕಡೆ ತಿರುಗಿ ಕೈಯಾಡಿಸುತ್ತಿದ್ದಳು.

"ಏನಂದ್ಲು?"

"ನೀನು ನೀರಿಂದ ತೆಗೆದ ಮೀನಿನ ಥರ ಕಾಣ್ತೀಯಂತೆ."

ಕಿವುಡರಲ್ಲಿ ಪ್ರತಿಯೊಬ್ಬರಿಗೂ ಕೈಯಲ್ಲೇ ಒಂದು ಹೆಸರಿಡುವ ರೂಢಿ. ಓಯ್ವಾನ ಹೆಸರು, ಚಾಚಿದ ಅಂಗೈಯ ಅಡಿಗೆ ಮುಷ್ಟಿಯಿಂದ ಎರಡು ಸಲ ಬಡಿಯುವುದು. ಅದನ್ನವನು ಬಿರುದೆಂದೇ ತಿಳಿದಿದ್ದ.

ಆ ವರ್ಷ ಬೇಸಿಗೆ ಕಳೆಯುತ್ತಿದ್ದಂತೆ ಟೆರ್ತುವಿನ ಕರುಳಿನಲ್ಲಿ ಗೆಡ್ಡೆ ಸಿಕ್ಕಿತು. ಎರಡು ವಾರಕ್ಕೊಮ್ಮೆ ಕಯಾನಿಯ ಆಸ್ಪತ್ರೆಗೆ ಹೋಗಿ ನರಕ್ಕೆ ಔಷಧಿ ಹಾಕಿಸಿಕೊಂಡು ಬರಬೇಕು. ಹೋಗಲಿಕ್ಕೆ ಒಂದೂಕಾಲು ಗಂಟೆ, ಬರಲಿಕ್ಕೆ ಅಷ್ಟೇ. ಟ್ಯಾಕ್ಸಿಯವರು ಚಳಿಗಾಲದ ಟೈರು ಹಾಕುವ ರೀತಿಯ ಮೇಲೆ ತನಗೆ ನಂಬಿಕೆಯಿಲ್ಲವೆಂದು ಹೇಳಿ ಓಯ್ವಾ ತಾನೇ ಚಾಲಕನಾದ. ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ. ಸೆಪ್ಟೆಂಬರಿನಲ್ಲಿ ಇಬ್ಬರ ಕೈಗಳೂ ಕಯಾನಿಯವರೆಗೆ ಬಿಡುವಿಲ್ಲದೆ ಆಡುತ್ತಿದ್ದವು. ನವೆಂಬರ್ ಬಂದಿತು. ಹೊರಡುವಾಗ ಕತ್ತಲೆ, ಮರಳುವಾಗ ಕತ್ತಲೆ, ಎರಡು ಕಡೆಯೂ ಕಾಡಿನ ಕತ್ತಲೆ. ಹಿಂದಿನ ಸೀಟು ಮೌನವಾಯಿತು.

ಕಾರಿನಲ್ಲಿದ್ದದ್ದು ಒಂದೇ ದೀಪ, ಅದೂ ಮುಂದಿನ ಕನ್ನಡಿಯ ಹತ್ತಿರ. ಅದನ್ನು ಹಚ್ಚಿದರೆ ಹಿಂದೆ ಮೊಣಕಾಲಿನವರೆಗೂ ಬೆಳಕು ಬೀಳದು, ಮುಂದಿನ ಗಾಜಿನಲ್ಲಿ ಮಾತ್ರ ಓಯ್ವಾನ ಮುಖ ರಸ್ತೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಹಿಲ್ಕಾ ಫೋನಿನ ದೀಪ ಹಿಡಿದು ನೋಡಿದಳು. ಒಂದು ಕೈಯಲ್ಲಿ ದೀಪವಿದ್ದರೆ ಉಳಿದ ಕೈಯಲ್ಲಿ ಅರ್ಧ ಮಾತು. ಅದರ ಬೆಳಕು ಹೋಗಿ ಹಿಂಬದಿ ನೋಡುವ ಕನ್ನಡಿಗೆ ಹೊಡೆಯಿತು.

"ಆರಿಸು ಅದನ್ನ! ಹಿಮಸಾರಂಗ ಅಡ್ಡ ಬಂದ್ರೆ ಕಾಣೋದು ಹೇಗೆ?"

"ಹಾಗಾದ್ರೆ ಹಿಂದೆ ಒಂದು ದೀಪ ಹಾಕಿಕೊಡು."

"ಕಾರು ತಯಾರು ಮಾಡಿದೋರಿಗೆ ಅಲ್ಲಿ ದೀಪ ಬೇಕು ಅಂತ ಅನ್ನಿಸಿದ್ರೆ ಅವರೇ ಹಾಕ್ತಿದ್ರು."

"ಅವರಿಗೆ ಟೆರ್ತು ಗೊತ್ತಿರಲಿಲ್ಲ."

"ಮನೇಲಿ ಮಾತಾಡಿ. ಮನೇಲಿ ದೀಪ ಇಲ್ವಾ?"

ಹಿಲ್ಕಾ ಕಿಟಕಿಯ ಕಡೆ ತಿರುಗಿಕೊಂಡಳು. ಮನೆಯಲ್ಲಿ ಕಾಯಿಲೆಯ ಸುದ್ದಿ ತೆಗೆದರೆ ಟೆರ್ತು ಕಾಫಿ ಬಸಿಯಲು ಏಳುತ್ತಿದ್ದಳು, ಏಲಕ್ಕಿ ಬನ್ನು ಬಿಸಿ ಮಾಡುತ್ತಿದ್ದಳು, ಬೆನ್ನು ತಿರುಗಿಸಿಬಿಟ್ಟರೆ ಅವಳೊಡನೆ ಮಾತೇ ಮುಗಿಯಿತು. ಕಾರಿನಲ್ಲಿ ಎದ್ದು ಹೋಗಲು ಅಡುಗೆಮನೆಯಿಲ್ಲ. ಅಕ್ಕ ಏನನ್ನೋ ಹೇಳಬೇಕೆಂದಿದ್ದಾಳೆ, ಅದನ್ನು ಹೇಳುವುದಾದರೆ ಆಸ್ಪತ್ರೆಯ ದಾರಿಯಲ್ಲೇ ಹೇಳುತ್ತಾಳೆ ಎಂದು ಹಿಲ್ಕಾಳಿಗೆ ಖಾತ್ರಿಯಿತ್ತು. ಅಕ್ಕನಿಗೆ ಹೆಚ್ಚು ಕಾಲವಿಲ್ಲವೆಂಬುದೂ ಗೊತ್ತಿತ್ತು.

ಅವಳು ಇಷ್ಟನ್ನೂ ಗಂಡನಿಗೆ ಹೇಳಿದಾಗ ಓಯ್ವಾ ಒಂದು ರಾತ್ರಿ ಯೋಚಿಸಿ, "ಮಾಡೋಣ. ಆದ್ರೆ ಸರಿಯಾಗಿ ಮಾಡೋಣ," ಎಂದ.

ಕೆಟ್ಟದ್ದು ಆ ಮಾತಿನಿಂದಲೇ. ಬೇರೆ ಯಾರಾದರೂ ಆಗಿದ್ದರೆ ಅಂಟಿಸುವ ಬ್ಯಾಟರಿ ದೀಪವೊಂದನ್ನು ತಂದು ಚಾವಣಿಗೆ ಒತ್ತಿ ಕೈ ತೊಳೆದುಕೊಳ್ಳುತ್ತಿದ್ದರು. ಹಿಲ್ಕಾ ಅದನ್ನೇ ಹೇಳಿದಳು. ಓಯ್ವಾ ಅವಳನ್ನು, ಬ್ರೇಕಿಲ್ಲದ ಕಾರು ತಂದವರನ್ನು ನೋಡುತ್ತಿದ್ದಂತೆ ನೋಡಿದ. ಸಾವಿರಾರು ಜನರ ವೈರುಗಳಿಗೆ ಮೂಗು ಮುರಿದವನು ತನ್ನ ಕಾರಿನಲ್ಲಿ ಅಂಟು ದೀಪ ಹಾಕಿಕೊಂಡು ತಿರುಗುವುದೇ? ತನ್ನ ಕೈಕೆಳಗೆ ಕೆಲಸ ಕಲಿತವನೇ ನಾಳೆ ಅದನ್ನು ನೋಡಿ ನಕ್ಕರೆ?

ಮೊದಲು ನಕ್ಷೆಯಾಯಿತು. ನಕ್ಷೆಯಲ್ಲಿ ಎರಡು ಬಣ್ಣ. ಆಮೇಲೆ ಚಾವಣಿಯ ಅಂಚು ಬಿಚ್ಚಬೇಕಿತ್ತು. ಬಾಗಿಲ ಪಕ್ಕದ ಕಂಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಿತ್ತರೆ ಆ ಚಳಿಗೆ ಅದರ ಕ್ಲಿಪ್ಪುಗಳು ಒಣಗಿದ ಬಿಸ್ಕತ್ತಿನಂತೆ ಪಟಪಟನೆ ಮುರಿದವು. ಹೊಸವು ಔಲು ನಗರದಿಂದ ಬರಬೇಕು. ಅವು ಬರುವಷ್ಟರಲ್ಲಿ ಒಂದು ಸಲ ಆಸ್ಪತ್ರೆಗೆ ಹೋಗಿಬಂದದ್ದಾಯಿತು, ಕತ್ತಲೆಯಲ್ಲಿ. ಫ್ಯೂಸಿನ ಪೆಟ್ಟಿಗೆಯಿಂದ ಹೊಸ ವೈರು ಎಳೆದು, ಅದಕ್ಕೇ ಪ್ರತ್ಯೇಕ ಫ್ಯೂಸು ಕೂರಿಸಿ, ಬಾಗಿಲ ಕೆಳಗಿನ ಹಾಸಿನಡಿ ಸಾಗಿಸಿ, ಕಂಬದೊಳಗಿಂದ ಹತ್ತಿಸಿ ಎರಡೂ ಕಿಟಕಿಗಳ ಮೇಲೆ ಒಂದೊಂದು ದೀಪ ಕೂರಿಸಿದ. ಅರ್ತಿಂಗಿಗೆ ಬಣ್ಣ ಕೆರೆದು, ಬೋಲ್ಟು ಬಿಗಿದು, ಮತ್ತೆ ತುಕ್ಕು ಹಿಡಿಯದಂತೆ ಗ್ರೀಸು ಬಳಿದ. ಹಚ್ಚಿದರೆ ಬೆಳಕು ಶವಾಗಾರದ ಬಿಳಿ. ಅದನ್ನು ಬಿಚ್ಚಿ ಹಳದಿ ದೀಪ ತರಿಸಿದ. ಅದರ ಬೆಳಕು ಮುಂದಿನ ಗಾಜಿಗೆ ಚೂರು ಬೀಳುತ್ತಿತ್ತು. ತಗಡು ಕತ್ತರಿಸಿ, ಟೋಪಿಯಂತೆ ಮಡಚಿ, ಕಪ್ಪು ಬಣ್ಣ ಹೊಡೆದ. ಬಣ್ಣ ಕಾರಿನ ಶೆಡ್ಡಿನ ಚಳಿಯಲ್ಲಿ ಒಣಗಲೇ ಇಲ್ಲ. ಒಲೆಯ ಪಕ್ಕ ತಂದಿಟ್ಟ. ಹಿಲ್ಕಾ ಬಣ್ಣದ ವಾಸನೆಗೆ ಮೂಗು ಮುಚ್ಚಿಕೊಂಡು ಕೇಳಿದಳು:

"ಇನ್ನೂ ಎಷ್ಟು ದಿನ ಓಯ್ವಾ?"

"ಅವಸರ ಮಾಡಿದ್ರೆ ಬೆಂಕಿ ಹೊತ್ಕೊಳ್ಳತ್ತೆ."

"ಅವಳಿಗೆ ಅವಸರ ಇದೆ."

ಓಯ್ವಾ ತಗಡಿನ ಅಂಚನ್ನು ಅರದಿಂದ ಉಜ್ಜುತ್ತ ಕೂತ. ಕ್ರಿಸ್‌ಮಸ್ ಹಾಗೇ ಕಳೆಯಿತು.

ಜನವರಿಯ ಒಂದು ಬೆಳಿಗ್ಗೆ ದೀಪ ಸಿದ್ಧವಾಯಿತು. ಟೆರ್ತುವಿನ ಮನೆಯ ಮುಂದೆ ಕಾರು ನಿಲ್ಲಿಸಿ ಓಯ್ವಾ ಸೇತುವೆ ಉದ್ಘಾಟಿಸಲು ಬಂದ ಮಂತ್ರಿಯಂತೆ ಹಿಂದಿನ ಬಾಗಿಲು ತೆರೆದ. ಇಬ್ಬರೂ ಕೂತ ಮೇಲೆ, "ಸ್ವಿಚ್ಚು ನಿಮ್ಮ ನಡುವೇನೇ ಇದೆ. ಒತ್ತಬಹುದು," ಎಂದು ಅನುಮತಿ ನೀಡಿದ. ಹಿಲ್ಕಾ ಒತ್ತಿದಳು. ಜೇನಿನ ಬಣ್ಣದ ಬೆಳಕು ಇಬ್ಬರ ಮಡಿಲಿಗೂ ಸುರಿಯಿತು. ಮುಂದಿನ ಗಾಜಿಗೆ ಒಂದು ಚೂರೂ ಬೀಳಲಿಲ್ಲ. ಟೆರ್ತು ದಪ್ಪ ಉಣ್ಣೆಯ ಕೈಗವಸು ಬಿಚ್ಚಿ, ಎರಡೂ ಕೈ ಮೇಲೆತ್ತಿ ಅಲುಗಾಡಿಸಿದಳು. ಕಿವುಡರು ಚಪ್ಪಾಳೆ ತಟ್ಟುವುದು ಹಾಗೆ. ಓಯ್ವಾ ಅತ್ಯಂತ ವಿನಯದಿಂದ ಗೇರು ಹಾಕಿದ.

ಊರು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದ. ಟೆರ್ತು ಮಾತಾಡುತ್ತಿದ್ದಳು. ಹಿಲ್ಕಾ ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ತೋರುಬೆರಳನ್ನು ಸುತ್ತಿಸಿ ಏನೋ ಕೇಳುತ್ತಿದ್ದಳು. ಮತ್ತೆ ಅದನ್ನೇ ಕೇಳಿದಳು. ಮತ್ತೂ ಒಂದು ಸಲ.

"ಬೆಳಕು ಸಾಲಲ್ವಾ? ಇನ್ನೊಂದು ಹಾಕಕ್ಕೆ ಜಾಗ ಇದೆ."

"ಬೆಳಕು ಸರಿಯಾಗಿದೆ," ಎಂದಳು ಹಿಲ್ಕಾ. "ಕೈ ಸರಿಯಾಗಿಲ್ಲ."

ಔಷಧಿ ಟೆರ್ತುವಿನ ಬೆರಳ ತುದಿಗಳನ್ನು ತಿನ್ನುತ್ತಿತ್ತು. ಮೊದಲು ಜುಮ್ಮೆನ್ನುವುದು, ಆಮೇಲೆ ಮರಗಟ್ಟುವುದು, ಈಗ ಯಾವ ಬೆರಳು ಎಲ್ಲಿದೆಯೆಂದು ನೋಡಿದರಷ್ಟೇ ಅವಳಿಗೆ ಗೊತ್ತಾಗುತ್ತಿತ್ತು. ಮಡಚಬೇಕಾದದ್ದು ಅರ್ಧ ಮಡಚಿ ನಿಲ್ಲುತ್ತಿತ್ತು, ಕೂಡಬೇಕಾದವು ಕೂಡುತ್ತಿರಲಿಲ್ಲ. ಮನೆಯಲ್ಲಿ ಕಾಫಿಯ ಲೋಟ, ತಟ್ಟೆಗಳ ನೆವದಲ್ಲಿ ಚುಟುಕು ಮಾತಾಡಿ ಮುಚ್ಚಿಟ್ಟಿದ್ದಳು. ದಾರಿಯಲ್ಲಿ ಕೈಗವಸು, ಕತ್ತಲೆ. ಉದ್ದ ಮಾತು ಶುರುಮಾಡಿದಾಗಲೇ ಹಿಲ್ಕಾ ಕಂಡದ್ದು, ಅಕ್ಕ ತೊದಲುತ್ತಿದ್ದಾಳೆ.

ಟೆರ್ತು ಮುಂದಿನ ಸೀಟಿನ ಬೆನ್ನಿಗೆ ತಟ್ಟಿದಳು. ಓಯ್ವಾ ಬಸ್ಸು ನಿಲ್ಲುವ ಜಾಗದಲ್ಲಿ ಕಾರು ನಿಲ್ಲಿಸಿ ಹಿಂದೆ ತಿರುಗಿದ. ಅವಳು ನಿಧಾನವಾಗಿ, ಒಂದೊಂದು ಬೆರಳನ್ನೂ ಕಣ್ಣಿನಿಂದ ಕಾಯುತ್ತ ಮಾತಾಡಿದಳು. ಹಿಲ್ಕಾ ಬಾಯಲ್ಲಿ ಹೇಳುತ್ತ ಹೋದಳು.

"ಔಷಧಿ ಇನ್ನು ಸಾಕು ಅಂತಾಳೆ. ಅದು ಕೊಡೋದು ನಾಲ್ಕು ತಿಂಗಳು ಹೆಚ್ಚು. ಆ ನಾಲ್ಕು ತಿಂಗಳು ಮೂಗಿಯಾಗಿ ಇರಬೇಕಾದ್ರೆ ಅದು ನನಗೆ ಬೇಡ ಅಂತಾಳೆ."

"ಡಾಕ್ಟರು ಏನಾದ್ರೂ ಮಾಡ್ತಾರೆ! ಆಸ್ಪತ್ರೇಲಿ ಯಾಕೆ ಹೇಳಲಿಲ್ಲ ಕೇಳು! ಪ್ರತಿ ಸಲಾನೂ ನರ್ಸು ಕೇಳ್ತಾಳೆ, ಬೆರಳು ಹೇಗಿದೆ ಅಂತ!"

ಅದಕ್ಕೇನು ಉತ್ತರವೆಂದು ಓಯ್ವಾನಿಗೂ ಗೊತ್ತಿತ್ತು. ಈ ಸೀಮೆಯಲ್ಲಿ ಯಾರಾದರೂ ಹೇಗಿದ್ದೀಯ ಎಂದರೆ, ಕಾಲು ಮುರಿದು ಹಿಮದಲ್ಲಿ ಬಿದ್ದವನೂ "ಏನಿಲ್ಲ, ಸಾಗ್ತಿದೆ" ಅನ್ನುತ್ತಾನೆ. ಟೆರ್ತುವೂ ದುಭಾಷಿಯ ಮೂಲಕ ಹಾಗೇ ಅಂದಿದ್ದಳು. ಅಪರಿಚಿತರೆದುರು ನರಳುವುದು ಅವಳಿಗೆ ಬಟ್ಟೆ ಬಿಚ್ಚಿ ನಿಂತಂತೆ. ನಿಜ ಹೇಳಿಕೊಳ್ಳಲು ಅವಳಿಗಿದ್ದದ್ದು ಒಬ್ಬಳೇ ತಂಗಿ.

"ಯಾವಾಗಿಂದ ಹೀಗಾಗಿದೆ?" ಎಂದು ಕೇಳಿದ.

ಟೆರ್ತುವಿನ ಕೈ ಎರಡೇ ಸಲ ಆಡಿತು. ಹಿಲ್ಕಾ ಅದನ್ನು ಹೇಳಲಿಲ್ಲ.

"ಏನಂದ್ಲು?"

"ಬಿಡು, ಹೊರಡು."

"ಹಿಲ್ಕಾ. ಏನಂದ್ಲು?"

"ನವೆಂಬರಲ್ಲೇ ಹೇಳಬೇಕು ಅಂತಿದ್ದೆ, ಆದ್ರೆ ಕತ್ತಲಿತ್ತು ಅಂದ್ಲು."

ಲಾರಿಯೊಂದು ಹಿಮ ಎರಚುತ್ತ ಹೋಯಿತು. ಓಯ್ವಾ ಮುಂದಕ್ಕೆ ತಿರುಗಿ ಸ್ಟೀರಿಂಗ್ ಹಿಡಿದ. ನವೆಂಬರಿನಲ್ಲಿ ತಾನೇನು ಮಾಡುತ್ತಿದ್ದೆನೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ನಕ್ಷೆಗೆ ಬಣ್ಣ ಹಾಕುತ್ತಿದ್ದ.

ಆಸ್ಪತ್ರೆಯ ಡಾಕ್ಟರು ವಿಷಯ ಕೇಳಿ ಟೆರ್ತುವಿನ ಬೆರಳುಗಳನ್ನು ಒತ್ತಿ ನೋಡಿದಳು. ಮೊದಲೇ ಗೊತ್ತಾಗಿದ್ದರೆ ಆ ಔಷಧಿ ಬದಲಿಸಬಹುದಿತ್ತು, ಈಗ ನಿಲ್ಲಿಸಿದರೂ ಬೆರಳು ಮರಳಲು ತಿಂಗಳುಗಳು ಬೇಕು, ಮರಳುತ್ತದೆಂಬ ಭರವಸೆಯಿಲ್ಲ ಎಂದಳು. ಟೆರ್ತುವಿನ ಕೈಯಲ್ಲಿ ಅಷ್ಟು ತಿಂಗಳು ಇರಲಿಲ್ಲ. ಔಷಧಿ ನಿಂತಿತು. ಕಯಾನಿಯ ದಾರಿ ಮುಗಿಯಿತು. ಅಷ್ಟು ಚೆನ್ನಾಗಿ ಕೂರಿಸಿದ ದೀಪ ಉರಿದದ್ದು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ.

ಆಮೇಲೆ ಓಯ್ವಾ ಚರ್ಚಿನ ಹಿಂದಿನ ಸಾಲುಮನೆಗೆ ದಿನಾ ಹೋಗತೊಡಗಿದ. ಮೊದಮೊದಲು ನಲ್ಲಿ ಸೋರುತ್ತದೆ, ಬಾಗಿಲು ಕಿರುಗುಟ್ಟುತ್ತದೆ ಎಂಬ ನೆಪ. ನಲ್ಲಿಯೂ ಬಾಗಿಲೂ ನೆಟ್ಟಗಾದ ಮೇಲೆ ನೆಪವಿಲ್ಲದೆ ಕೂತ. ಒಂದು ದಿನ ಬ್ರೆಡ್ಡು ತೋರಿಸಿ, ಹುಬ್ಬೆತ್ತಿ, ಕೈ ಚಾಚಿದ. ಟೆರ್ತು ಅವನನ್ನು ಬಹಳ ಹೊತ್ತು ನೋಡಿ, ಬ್ರೆಡ್ಡಿಗೆ ಕೈಯಲ್ಲಿ ಏನೆನ್ನುತ್ತಾರೆಂದು ಮಾಡಿ ತೋರಿಸಿದಳು. ಮರುದಿನ ಹಿಮ, ಕಿಟಕಿ, ತಂಗಿ. ಅದರ ಮರುದಿನ ನೋವು. ಅವನ ಬೆರಳುಗಳು ಸ್ಪಾನರಿಗೆ ಹೇಳಿ ಮಾಡಿಸಿದಂಥವು. ತಪ್ಪಿದರೆ ಅವಳು ಮೊಣಕೈಯಿಂದ ತಿವಿಯುತ್ತಿದ್ದಳು.

"ಅವಳು ನಿನ್ನ ಪಾಸು ಮಾಡ್ತಾಳಾ?" ಎಂದು ಹಿಲ್ಕಾ ಕೇಳಿದರೆ, "ಮತ್ತೆ ಬಾ ಅಂದಿದಾಳೆ," ಎನ್ನುತ್ತಿದ್ದ.

ಹಿಮ ಕರಗಿ, ರಾತ್ರಿಯೂ ಆಕಾಶ ಬೆಳ್ಳಗಿರುವ ಕಾಲ ಬಂದಾಗ ಟೆರ್ತು ತೀರಿಕೊಂಡಳು.

ಮಣ್ಣು ಮಾಡಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಸಾಲ್ಮನ್ ಸಾರು, ಕಾಫಿ. ಕಯಾನಿಯ ಕಿವುಡರ ಸಂಘದಿಂದ ಒಂದು ಮೇಜು ತುಂಬ ಜನ ಬಂದಿದ್ದರು. ಮೈಕಿದ್ದ ಕಡೆ ಹೋಗದೆ ಓಯ್ವಾ ಆ ಮೇಜಿನೆದುರು ನಿಂತು ಕೈಯೆತ್ತಿದ. ಬಂದದ್ದಕ್ಕೆ ಥ್ಯಾಂಕ್ಸ್ ಅಂದ. ಅವಳು ಒಳ್ಳೆಯ ದರ್ಜಿ ಅಂದ. ನಾನು ತಡಮಾಡಿದೆ ಅಂದ. ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಬೆರಳುಗಳು ಅರ್ಧಕ್ಕೇ ನಿಲ್ಲುತ್ತಿದ್ದವು, ಕೂಡಬೇಕಾದಲ್ಲಿ ಕೂಡುತ್ತಿರಲಿಲ್ಲ. ಇದು ಯಾವ ದೇಶದ ಮಾತು ಎಂದು ಒಬ್ಬಾಕೆ ಹಿಲ್ಕಾಳನ್ನು ಕೈಯಲ್ಲೇ ಕೇಳಿದಳು.

ಹಿಲ್ಕಾ ಉತ್ತರ ಕೊಡಬೇಕೆಂದು ಕೈಯೆತ್ತಿ, ಆಗದೆ, ಮುಖ ಮುಚ್ಚಿಕೊಂಡಳು. ಅಷ್ಟೂ ಮಾತುಗಳನ್ನು ಗಂಡ ಅಕ್ಕನ ಮರಗಟ್ಟಿದ ಬೆರಳುಗಳಿಂದ, ಇದ್ದದ್ದು ಇದ್ದಂತೆಯೇ ಕಲಿತಿದ್ದ.

ಸಂಘದ ವೃದ್ಧ ಅಧ್ಯಕ್ಷ ಸಜ್ಜನ. ಎದ್ದು ಬಂದು, ಓಯ್ವಾನ ಬಲಗೈ ತನ್ನ ಕೈಗೆ ತೆಗೆದುಕೊಂಡು, ಥ್ಯಾಂಕ್ಸ್ ಎನ್ನುವಾಗ ಬೆರಳು ಹೇಗಿರಬೇಕೆಂದು ಒಂದೊಂದಾಗಿ ನೆಟ್ಟಗೆ ಮಾಡತೊಡಗಿದ. ಜೀವಮಾನವೆಲ್ಲ ಊರವರ ತಪ್ಪು ತಿದ್ದಿದ ಓಯ್ವಾ ಮೊಯ್ಲನೆನ್ ಎರಡು ಬೆರಳುಗಳವರೆಗೆ ತಾಳಿಕೊಂಡ. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು, ಬೆರಳುಗಳನ್ನು ಮತ್ತೆ ಅರ್ಧಕ್ಕೇ ಮಡಚಿಕೊಂಡ.