ಪಾಪ ಎಂಬ ಎರಡಕ್ಷರ

ನನ್ನ ಬಲಗಾಲು ಪೋಲಿಯೊದಿಂದ ಸೊರಗಿದ್ದು. ದೆಹಲಿಯ ಕನ್ನಡದ ಹೆಂಗಸರು ಅದನ್ನು ನೋಡಿದೊಡನೆ "ಪಾಪ!" ಎನ್ನುತ್ತಿದ್ದರು. ಹಿಂದಿ ಶಾಲೆಯಲ್ಲಿ ಬೆಳೆದ ನನಗೆ ಪಾಪ ಅಂದರೆ ಒಂದೇ ಅರ್ಥ, ಮಾಡಬಾರದ್ದನ್ನು ಮಾಡುವುದು. "ಅಮ್ಮಾ, ಮೈನೇ ಕ್ಯಾ ಪಾಪ್ ಕಿಯಾ?" ಎಂದು ಒಮ್ಮೆ ಕೇಳಿದೆ. "ಅಯ್ಯೋ, ಆ ಪಾಪ ಅಲ್ಲ ಕಣೇ. ಇದು ಸುಮ್ನೆ ಪಾಪ... ಕನಿಕರಕ್ಕೆ ಅನ್ನೋದು," ಎಂದು ಅಮ್ಮ ತಡವರಿಸಿದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನಾವಿದ್ದ ಮಯೂರ್ ವಿಹಾರಿಗೆ ಇನ್ನೂ ಮೆಟ್ರೋ ಬಂದಿರಲಿಲ್ಲ. ಸೈನ್ಯದಿಂದ ನಿವೃತ್ತರಾಗಿದ್ದ ಅಪ್ಪ ಸ್ಕೂಟರಿನಲ್ಲಿ ನನ್ನನ್ನು ಈಜುಕೊಳಕ್ಕೆ ಬಿಡುತ್ತಿದ್ದರು. ಕಾಲಿಗೆ ಆಸರೆಯಾಗಿ ಕಟ್ಟಿದ ಕ್ಯಾಲಿಪರ್ ಬಿಚ್ಚಿಟ್ಟು ನೀರಿಗಿಳಿದರೆ ಮುಗಿಯಿತು, ಯಾರ ಬಾಯಲ್ಲೂ ಪಾಪ ಇಲ್ಲ. ಕೋಚ್ ಮಾತ್ರ ನನ್ನನ್ನು ಚಿಕ್ಕ ಮಕ್ಕಳ ಕಡೆಗೆ ಕಳಿಸಿ, "ಬೇಟಾ, ತುಮ್ ಬಸ್ ಎಂಜಾಯ್ ಕರೋ" ಎಂದರು. ನನಗೆ ಮೈಯೆಲ್ಲ ಉರಿಯಿತು. ಎಂಜಾಯ್ ಮಾಡಲು ನಾನೇನು ಪಿಕ್ನಿಕ್ಕಿಗೆ ಬಂದಿದ್ದೆನೇ? ಎರಡೂ ಕಾಲು ನೆಟ್ಟಗಿರುವವರ ಜೊತೆ ಈಜಿ ಒಮ್ಮೆ ಗೆಲ್ಲಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಬಾಚಣಿಗೆ ಎತ್ತಲಾರದಷ್ಟು ಭುಜ ನೋಯುವವರೆಗೂ ಈಜಿದೆ. ಅಮ್ಮನೇ ನನ್ನ ತಲೆ ಬಾಚುತ್ತಿದ್ದಳು.

ಕೊಳದ ವಾರ್ಷಿಕ ಸ್ಪರ್ಧೆಗೆ ಅಪ್ಪ ಕೋಚ್ ಜೊತೆ ಜಗಳವಾಡಿ ನನ್ನ ಹೆಸರು ಸೇರಿಸಿದರು. ಪಕ್ಕದ ಲೇನಿನಲ್ಲಿ ನಮ್ಮ ಸೊಸೈಟಿಯದೇ ಕನ್ನಡದ ಹುಡುಗಿ. ಉಳಿದವರೆಲ್ಲ ಮೇಲಿಂದ ಹಾರಿದರು, ನಾನು ನೀರಿನೊಳಗಿಂದ ಹೊರಟೆ. ಅರ್ಧ ದಾರಿಯವರೆಗೂ ಅವಳ ಕಾಲಿನ ನೊರೆಯೇ ಕಣ್ಣ ಮುಂದಿತ್ತು. ಆಮೇಲೆ ಅದು ಪಕ್ಕಕ್ಕೆ ಬಂತು, ಹಿಂದಾಯಿತು. ಗೋಡೆ ಮೊದಲು ಮುಟ್ಟಿದ್ದು ನನ್ನ ಕೈ. ಅವಳು ಲೇನಿನ ಹಗ್ಗಕ್ಕೆ ಜೋತುಬಿದ್ದು ಏದುಸಿರು ಬಿಡುತ್ತಿದ್ದಳು.

ಅವಳ ತಾಯಿ ಟವೆಲ್ ಹಿಡಿದು ಬಂದವರು ಸುತ್ತಲಿನವರಿಗೆಲ್ಲ ಕೇಳುವಂತೆ, "ನಮ್ಮವಳು ಬೇಕೂಂತಲೇ ಸ್ಲೋ ಮಾಡಿದ್ಲು ಕಣ್ರೀ. ಪಾಪ, ಆ ಹುಡುಗಿ ಗೆಲ್ಲಲಿ ಅಂತ" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಡೊಂಕಾಗಿ ಸಿಕ್ಕಿದ್ದು ನನ್ನ ಕಾಲು. "ಎಂಥ ದೊಡ್ಡ ಮನಸ್ಸು!" ಎಂದು ಎಲ್ಲರೂ ಅವಳ ಬೆನ್ನು ತಟ್ಟಿದರು.

"ಸಚ್ ಬೋಲ್ ನಾ," ಎಂದೆ ನಾನು ಅವಳಿಗೆ. ನಿಜ ಹೇಳು ಎಂದು ನಾಚಿಕೆ ಬಿಟ್ಟು ಎರಡು ಸಲ ಕೇಳಿದೆ. ಅವಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ತಲೆ ಒರೆಸಿಕೊಳ್ಳುತ್ತಲೇ ಇದ್ದಳು.

ಮುಂದೆ ಅಂಗವಿಕಲರ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಚಿನ್ನ ಗೆದ್ದೆ. ಕನ್ನಡದವರೆಲ್ಲ ಸೇರಿ ಶಾಲು ಹೊದಿಸಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅದೇ ತಾಯಿ ಪಕ್ಕದವರಿಗೆ, "ಮೊದಲು ಗೆಲ್ಲಿಸಿದ್ದು ನಮ್ಮ ಮಗಳೇ ಅಲ್ವಾ, ಪಾಪ" ಎನ್ನುವುದು ವೇದಿಕೆಗೂ ಕೇಳಿಸಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನು ಕೈ ಮುಗಿದು ನಿಂತಿದ್ದೆ. ಚಿಕ್ಕಂದಿನಲ್ಲಿ ಆ ಮಾತಿಗೆ ನಾನು ಮಾಡಿಕೊಂಡಿದ್ದ ಅರ್ಥವೇ ಸರಿ. ಪಾಪ ನಡೆದದ್ದು ನಿಜ. ಮಾಡಿದವಳು ನಾನಲ್ಲ.